ಇದ್ದಿಲಿನಿಂದ ಗ್ರಾಫೀನಿನವರೆಗೆ: ಜಲಶುದ್ಧಿಯಲ್ಲಿ ಇಂಗಾಲದ ಇತಿಹಾಸ

ಪೀಠಿಕೆ

ನೀರನ್ನು ಶುದ್ಧಗೊಳಿಸುವ ಕಾರ್ಯದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಅಡಗಿವೆ. ನೀರಿನಲ್ಲಿ ತೇಲಾಡುವ ಮಣ್ಣು, ಕಸ, ಸೂಕ್ಷ್ಮಜೀವಿಗಳನ್ನು ಬೇರ್ಪಡಿಸುವುದು ಒಂದು. ನೀರಿನಲ್ಲಿ ಸಂಪೂರ್ಣವಾಗಿ ಕರಗಿ, ಕಣ್ಣಿಗೆ ಕಾಣದಂತಾಗಿರುವ ಪದಾರ್ಥವನ್ನು ಬೇರ್ಪಡಿಸುವುದು ಮತ್ತೊಂದು. ಮೊದಲನೆಯ ಸಮಸ್ಯೆಗೆ ನಮ್ಮ ಪೂರ್ವಿಕರು ಹಲವು ಉಪಾಯಗಳನ್ನು ಕಂಡುಕೊಂಡಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಕದಡಿದ ನೀರನ್ನು ತಿಳಿಗೊಳಿಸುವ ಏಳು ಸಾಧನಗಳನ್ನು ಹೆಸರಿಸಲಾಗಿದೆ. ಅವುಗಳಲ್ಲಿ ಬಟ್ಟೆಯೂ ಒಂದು, ಕತಕದ ಬೀಜವೂ ಒಂದು. ಕನ್ನಡ ನಾಡಿನಲ್ಲಿ ಚಿಲ್ಲದ ಬೀಜವೆಂದು ಹೆಸರಾದ ಈ ಕತಕವನ್ನು ತೇಯ್ದು ನೀರಿಗೆ ಬೆರೆಸಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಕೂಡಿಕೊಂಡು ತಳ ಸೇರುತ್ತವೆ. ಆದರೆ ತಿಳಿಯಾದ ನೀರೆಲ್ಲವೂ ನಿರಪಾಯಕಾರಿಯಲ್ಲ. ಫ್ಲೋರೈಡ್, ಆರ್ಸೆನಿಕ್, ಸೀಸ, ಕೀಟನಾಶಕ, ಬಣ್ಣ ಮೊದಲಾದವು ಕರಗಿರುವ ನೀರು ಸ್ಫಟಿಕದಂತೆ ನಿರ್ಮಲವಾಗಿಯೇ ಕಾಣಬಹುದು.

ಕರಗಿದ ಕಲ್ಮಷವನ್ನು ತೆಗೆಯುವಲ್ಲಿ ಮನುಷ್ಯನಿಗೆ ಬಹುಕಾಲದಿಂದ ನೆರವಾಗುತ್ತ ಬಂದಿರುವ ಪದಾರ್ಥ ಇಂಗಾಲ. ಒಲೆಯ ಇದ್ದಿಲಿನಿಂದ ಮೊದಲುಗೊಂಡು ಇಂದಿನ ನ್ಯಾನೊ ನಳಿಕೆ, ಗ್ರಾಫೀನ್‌ಗಳವರೆಗೆ ಅದರ ರೂಪಗಳು ಬದಲಾಗಿವೆ. ಪ್ರತಿಯೊಂದು ಹೊಸ ರೂಪವೂ ಬಂದಾಗ, ಅದು ಹಿಂದಿನದಕ್ಕಿಂತ ಎಷ್ಟು ಹೆಚ್ಚು ಕಲ್ಮಷವನ್ನು ಹಿಡಿಯಬಲ್ಲದು ಎಂಬ ಅಂಶವೇ ಮುಖ್ಯವಾಗಿ ಪ್ರಚಾರಕ್ಕೆ ಬಂದಿದೆ. ಆದರೆ ಎರಡು ಶತಮಾನಗಳಿಗೂ ಮಿಕ್ಕಿದ ಈ ಇತಿಹಾಸವನ್ನು ಪರಿಶೀಲಿಸಿದರೆ, ಹಿಡಿಯುವ ಸಾಮರ್ಥ್ಯವೊಂದರಿಂದಲೇ ಯಾವ ರೂಪವೂ ಜನೋಪಯೋಗಿಯಾಗಲಿಲ್ಲವೆಂಬುದು ವಿದಿತವಾಗುತ್ತದೆ. ಹಿಡಿದ ಕಲ್ಮಷವನ್ನು ಬಿಡದಿರುವುದು, ಬಳಸಿದ ಇಂಗಾಲವನ್ನು ನೀರಿನಿಂದ ಪೂರ್ಣವಾಗಿ ಮರಳಿ ಪಡೆಯುವುದು, ಅದನ್ನು ಮತ್ತೆ ಬಳಕೆಗೆ ಸಿದ್ಧಗೊಳಿಸುವುದು ಎಂಬ ಮೂರು ಕಾರ್ಯಗಳು ಸಾಧ್ಯವಾದಾಗ ಮಾತ್ರ ಅದು ಪ್ರಯೋಗಶಾಲೆಯನ್ನು ದಾಟಿ ಊರನ್ನು ತಲುಪಿದೆ. ಈ ಅಂಶವನ್ನು ಚಾರಿತ್ರಿಕ ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದ್ದಿಲಿನ ಗುಣದ ಅರಿವು

ಇದ್ದಿಲು ವಾಸನೆಯನ್ನೂ ಬಣ್ಣವನ್ನೂ ತೆಗೆಯುತ್ತದೆಂಬುದು ಜನಸಾಮಾನ್ಯರಿಗೆ ಮೊದಲಿನಿಂದಲೂ ಅನುಭವಕ್ಕೆ ಬಂದ ಸಂಗತಿ. ಅದು ವ್ಯವಸ್ಥಿತ ಪರೀಕ್ಷೆಗೆ ಒಳಗಾದದ್ದು 18ನೆಯ ಶತಮಾನದ ಉತ್ತರಾರ್ಧದಲ್ಲಿ. ಸ್ವೀಡನ್ನಿನ ರಸಾಯನವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಷೀಲೆ 1773ರಲ್ಲಿ ಇದ್ದಿಲು ಅನಿಲಗಳನ್ನು ಹಿಡಿದಿಟ್ಟುಕೊಳ್ಳುವುದನ್ನೂ ಕಾಯಿಸಿದಾಗ ಅವುಗಳನ್ನು ಹೊರಬಿಡುವುದನ್ನೂ ಗಮನಿಸಿದನು. 1777ರಲ್ಲಿ ಇಟಲಿಯ ಫೆಲಿಚೆ ಫೊಂಟಾನಾ ಇಂಥದೇ ಪ್ರಯೋಗಗಳನ್ನು ನಡೆಸಿದನು. ದ್ರವಗಳ ವಿಷಯದಲ್ಲಿ ಈ ಗುಣವನ್ನು ಸ್ಪಷ್ಟಪಡಿಸಿದವನು ಸೇಂಟ್ ಪೀಟರ್ಸ್‌ಬರ್ಗಿನ ರಾಜೌಷಧಾಲಯದಲ್ಲಿದ್ದ ತೋಬಿಯಾಸ್ ಲೋವಿಟ್ಸ್. 1785ರಲ್ಲಿ ಟಾರ್ಟಾರಿಕ್ ಆಮ್ಲದ ಕಂದು ದ್ರಾವಣಕ್ಕೆ ಇದ್ದಿಲ ಪುಡಿ ಬೆರೆತಾಗ ದ್ರಾವಣ ಬಣ್ಣವನ್ನು ಕಳೆದುಕೊಂಡದ್ದನ್ನು ಅವನು ಕಂಡನು. ಮುಂದೆ ಕೆಟ್ಟು ನಾರುವ ನೀರಿಗೂ ಇದೇ ಉಪಾಯವನ್ನು ಅನ್ವಯಿಸಿ, ದೂರ ಪ್ರಯಾಣದ ಹಡಗುಗಳಲ್ಲಿ ಕುಡಿಯುವ ನೀರನ್ನು ಕಾಪಾಡಲು ಇದ್ದಿಲು ಉಪಯುಕ್ತವೆಂದು ಸೂಚಿಸಿದನು.

ಇದ್ದಿಲನ್ನು ಭಾರೀ ಪ್ರಮಾಣದಲ್ಲಿ ಬಳಸಿದ ಮೊದಲ ಉದ್ಯಮ ಸಕ್ಕರೆಯದು. ಕಬ್ಬಿನ ಹಾಲಿನ ಕಂದು ಬಣ್ಣವನ್ನು ತೆಗೆಯಲು ಮರದ ಇದ್ದಿಲು ಮೊದಲು ಬಳಕೆಗೆ ಬಂದಿತು. 1811ರಲ್ಲಿ ಫ್ರಾನ್ಸಿನ ಫಿಗಿಯೆ ಎಂಬ ರಸಾಯನಜ್ಞನು ಮೂಳೆಯನ್ನು ಸುಟ್ಟು ತಯಾರಿಸಿದ ಇದ್ದಿಲು ಈ ಕೆಲಸದಲ್ಲಿ ಮರದ ಇದ್ದಿಲಿಗಿಂತ ಮಿಗಿಲೆಂದು ತೋರಿಸಿದ ಮೇಲೆ ಯೂರೋಪಿನ ಸಕ್ಕರೆ ಕಾರ್ಖಾನೆಗಳು ಅದನ್ನು ಅಂಗೀಕರಿಸಿದವು. ಇಲ್ಲಿ ಗಮನಾರ್ಹವಾದ ಬೆಳವಣಿಗೆ ಮತ್ತೊಂದು. ಬಳಸಿ ಬಳಸಿ ಸತ್ವಗುಂದಿದ ಮೂಳೆ ಇದ್ದಿಲನ್ನು ಬಿಸಾಡುವುದು ದುಬಾರಿಯಾಗಿತ್ತು. ಅದನ್ನು ತೊಳೆದು, ಗಾಳಿಯಾಡದ ಕುಲುಮೆಯಲ್ಲಿ ಮತ್ತೆ ಕಾಯಿಸಿದರೆ ಹಿಡಿದಿದ್ದ ಕಲ್ಮಷ ಸುಟ್ಟುಹೋಗಿ ಇದ್ದಿಲು ಪುನಃ ಕೆಲಸಕ್ಕೆ ಒದಗುತ್ತದೆಂಬುದನ್ನು ಕಾರ್ಖಾನೆಗಳು 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಕಲಿತವು. ಪುಡಿಯ ಬದಲು ಹರಳಿನಂತಹ ತುಣುಕುಗಳನ್ನು ಬಳಸುವ ರೂಢಿ ಬಂದದ್ದೂ ಇದೇ ಕಾರಣಕ್ಕೆ. ಪುಡಿ ಚುರುಕಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ದ್ರವದಿಂದ ಬೇರ್ಪಡಿಸುವುದು ಕಷ್ಟ. ಹರಳು ನಿಧಾನ, ಆದರೆ ಇಟ್ಟ ಜಾಗದಲ್ಲಿಯೇ ಇರುತ್ತದೆ. ಈ ದ್ವಂದ್ವ ನ್ಯಾನೊ ಯುಗದಲ್ಲಿಯೂ ತಲೆದೋರುವುದನ್ನು ಮುಂದೆ ನೋಡಲಿದ್ದೇವೆ.

ಇದೇ ಶತಮಾನದಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ಇದ್ದಿಲಿನ ಸೋಸುಪಾತ್ರೆಗಳು ಜನಪ್ರಿಯವಾದವು. ಬ್ಯಾಕ್ಟೀರಿಯಾಶಾಸ್ತ್ರ ಬೆಳೆದಂತೆ 1880 ಮತ್ತು 1890ರ ದಶಕಗಳಲ್ಲಿ ಇವುಗಳನ್ನು ಪರೀಕ್ಷಿಸಿದಾಗ ಅನಿರೀಕ್ಷಿತ ಸಂಗತಿ ಬೆಳಕಿಗೆ ಬಂದಿತು. ಹೊಸ ಇದ್ದಿಲು ಸೂಕ್ಷ್ಮಜೀವಿಗಳನ್ನು ಸ್ವಲ್ಪಕಾಲ ತಡೆಯುತ್ತಿತ್ತಾದರೂ, ಬದಲಾಯಿಸದೆ ಬಿಟ್ಟ ಇದ್ದಿಲಿನಲ್ಲಿ ಅವು ವೃದ್ಧಿಹೊಂದಿ, ಒಳಗೆ ಹೋದ ನೀರಿಗಿಂತ ಹೊರಬಂದ ನೀರಿನಲ್ಲಿ ಅವುಗಳ ಸಂಖ್ಯೆ ಹೆಚ್ಚಾಗಿರುತ್ತಿತ್ತು. ಕಲ್ಮಷವನ್ನು ಸಂಗ್ರಹಿಸುವ ಸಾಧನ, ಆರೈಕೆ ತಪ್ಪಿದರೆ ಕಲ್ಮಷದ ಮೂಲವೇ ಆಗಬಹುದೆಂಬ ಎಚ್ಚರಿಕೆಯನ್ನು ಈ ಪರೀಕ್ಷೆಗಳು ನೀಡಿದವು.

ಸಕ್ರಿಯ ಇಂಗಾಲ ಮತ್ತು ಮೇಲ್ಮೈಯ ವಿಜ್ಞಾನ

ಇದ್ದಿಲು ಕಲ್ಮಷವನ್ನು ತನ್ನ ಒಡಲೊಳಗೆ ಕರಗಿಸಿಕೊಳ್ಳುವುದಿಲ್ಲ; ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುತ್ತದೆ. ಈ ಕ್ರಿಯೆಯನ್ನು ಹೀರಿಕೆಯಿಂದ ಪ್ರತ್ಯೇಕಿಸಿ 1881ರಲ್ಲಿ ಜರ್ಮನಿಯ ಹೈನ್ರಿಖ್ ಕೈಸರ್ ಅದಕ್ಕೆ ಬೇರೆ ಹೆಸರನ್ನು ಬಳಕೆಗೆ ತಂದನು. ಕನ್ನಡದಲ್ಲಿ ನಾವು ಅದನ್ನು ಅಧಿಶೋಷಣೆ ಎನ್ನುತ್ತೇವೆ. ಕ್ರಿಯೆ ನಡೆಯುವುದು ಮೇಲ್ಮೈಯಲ್ಲಾದ್ದರಿಂದ ಮೇಲ್ಮೈ ಹೆಚ್ಚಿದಷ್ಟೂ ಅಧಿಶೋಷಣೆ ಹೆಚ್ಚಬೇಕು. 1900 ಮತ್ತು 1901ರಲ್ಲಿ ರಾಫೇಲ್ ಫಾನ್ ಓಸ್ಟ್ರೈಕೊ ಪಡೆದ ಹಕ್ಕುಪತ್ರಗಳು ಇದಕ್ಕೆ ಮಾರ್ಗ ತೋರಿದವು. ಸಸ್ಯಜನ್ಯ ವಸ್ತುವನ್ನು ಲೋಹದ ಕ್ಲೋರೈಡುಗಳೊಡನೆ ಸುಡುವುದು, ಅಥವಾ ಇದ್ದಿಲನ್ನು ಕೆಂಪಗೆ ಕಾಯಿಸಿ ಅದರ ಮೇಲೆ ಹಬೆಯನ್ನೋ ಇಂಗಾಲದ ಡೈಆಕ್ಸೈಡನ್ನೋ ಹಾಯಿಸುವುದು ಅವನ ವಿಧಾನಗಳು. ಹೀಗೆ ಮಾಡಿದಾಗ ಇದ್ದಿಲಿನ ಒಡಲಿನಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳು ಕೊರೆದಂತಾಗಿ ಅದು ಸಕ್ರಿಯ ಇಂಗಾಲವಾಗುತ್ತದೆ. ಇಂದಿನ ಸಾಮಾನ್ಯ ಸಕ್ರಿಯ ಇಂಗಾಲದ ಒಂದು ಗ್ರಾಮಿನಲ್ಲಿ 500ರಿಂದ 1,500 ಚದರ ಮೀಟರಿನಷ್ಟು ಮೇಲ್ಮೈ ಇರುತ್ತದೆ.

ಈ ವಸ್ತುವಿನ ಉತ್ಪಾದನೆಗೆ ದೊಡ್ಡ ಪ್ರೇರಣೆ ದೊರೆತದ್ದು ಯುದ್ಧದಿಂದ. 1915ರ ಏಪ್ರಿಲ್ 22ರಂದು ಈಪ್ರ್ ರಣಭೂಮಿಯಲ್ಲಿ ಕ್ಲೋರಿನ್ ಅನಿಲದ ದಾಳಿ ನಡೆದ ಬಳಿಕ ವಿಷಾನಿಲದಿಂದ ರಕ್ಷಿಸುವ ಮುಖವಾಡಗಳು ಅನಿವಾರ್ಯವಾದವು. ರಷ್ಯದ ನಿಕೊಲಾಯ್ ಜೆಲಿನ್‌ಸ್ಕಿ ಅದೇ ವರ್ಷ ಸಕ್ರಿಯ ಇದ್ದಿಲಿನ ಮುಖವಾಡವನ್ನು ರೂಪಿಸಿದನು. ತೆಂಗಿನ ಕರಟದಿಂದ ಮಾಡಿದ ಗಟ್ಟಿ ಇದ್ದಿಲು ಈ ಕೆಲಸಕ್ಕೆ ಶ್ರೇಷ್ಠವೆಂದು ತಿಳಿದುಬಂತು. ಯುದ್ಧ ಮುಗಿಯುವ ವೇಳೆಗೆ ಸಿದ್ಧಾಂತವೂ ಬಲಗೊಂಡಿತು. ಅಣುಗಳು ಮೇಲ್ಮೈಯ ಮೇಲೆ ಒಂದೇ ಪದರವಾಗಿ ಕೂಡುತ್ತವೆಂಬ ನೆಲೆಯಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1918ರಲ್ಲಿ ತನ್ನ ಸಮೀಕರಣವನ್ನು ಮಂಡಿಸಿದನು. 1938ರಲ್ಲಿ ಬ್ರೂನೌವರ್, ಎಮೆಟ್, ಟೆಲ್ಲರ್ ಎಂಬ ಮೂವರು ಬಹುಪದರಗಳ ಸಿದ್ಧಾಂತವನ್ನು ಪ್ರಕಟಿಸಿ, ರಂಧ್ರಮಯ ವಸ್ತುವಿನ ಮೇಲ್ಮೈಯನ್ನು ಅಳೆಯುವ ವಿಧಾನವನ್ನು ಒದಗಿಸಿದರು.

ಊರಿನ ನೀರು ಸರಬರಾಜಿನಲ್ಲಿ ಹರಳಿನ ರೂಪದ ಸಕ್ರಿಯ ಇಂಗಾಲ 1929ರಲ್ಲಿ ಜರ್ಮನಿಯ ಹಾಮ್ ಪಟ್ಟಣದಲ್ಲಿಯೂ 1930ರಲ್ಲಿ ಅಮೆರಿಕದ ಬೇ ಸಿಟಿಯಲ್ಲಿಯೂ ಬಳಕೆಗೆ ಬಂದಿತು. ಆಗ ಅದರ ಉದ್ದೇಶ ನೀರಿನ ದುರ್ವಾಸನೆ, ಕೆಟ್ಟ ರುಚಿಗಳನ್ನು ನೀಗಿಸುವುದಷ್ಟೇ ಆಗಿತ್ತು. ಈ ದೃಷ್ಟಿಯನ್ನು ಬದಲಿಸಿದ್ದು 1974ನೆಯ ವರ್ಷ. ನದಿಯ ನೀರಿನಲ್ಲಿ ಸಹಜವಾಗಿರುವ ಸಸ್ಯಜನ್ಯ ಪದಾರ್ಥಗಳೊಡನೆ ಕ್ಲೋರಿನ್ ವರ್ತಿಸಿ ಕ್ಲೋರೋಫಾರ್ಮ್ ಮೊದಲಾದ ಸಂಯುಕ್ತಗಳು ಉಂಟಾಗುತ್ತವೆಂಬುದನ್ನು ರಾಟರ್‌ಡ್ಯಾಮಿನ ಯೋಹಾನ್ನೆಸ್ ರೂಕ್ ಆ ವರ್ಷ ಪ್ರಕಟಿಸಿದನು. ಕಾಲರಾದಿಂದ ಜನರನ್ನು ಕಾಪಾಡಿದ ಕ್ಲೋರಿನ್ನೇ ಹೊಸದೊಂದು ಆತಂಕಕ್ಕೆ ಕಾರಣವಾಯಿತು. ಅದೇ ವರ್ಷ ಅಮೆರಿಕದಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯಿದೆ ಜಾರಿಗೆ ಬಂದು, 1979ರಲ್ಲಿ ಈ ಸಂಯುಕ್ತಗಳ ಒಟ್ಟು ಪ್ರಮಾಣ ಲೀಟರಿಗೆ 0.10 ಮಿಲಿಗ್ರಾಂ ಮೀರಕೂಡದೆಂಬ ನಿಯಮವಾಯಿತು. ರುಚಿಯನ್ನು ಸರಿಪಡಿಸುವ ಸಾಧನವಾಗಿದ್ದ ಇಂಗಾಲ ಅಲ್ಲಿಂದ ಮುಂದೆ ಆರೋಗ್ಯರಕ್ಷಣೆಯ ಸಾಧನವೂ ಆಯಿತು.

ಸಕ್ರಿಯ ಇಂಗಾಲದ ಮಿತಿಗಳು

ಸಕ್ರಿಯ ಇಂಗಾಲಕ್ಕೆ ಎರಡು ಮುಖ್ಯ ಮಿತಿಗಳಿವೆ. ಮೊದಲನೆಯದು ರಂಧ್ರಗಳಿಗೆ ಸಂಬಂಧಿಸಿದ್ದು. ಅದರ ಮೇಲ್ಮೈಯ ಬಹುಭಾಗ ಇರುವುದು 2 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳ ಒಳಗೋಡೆಯಲ್ಲಿ. ಒಂದು ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ದೊಡ್ಡ ಅಣುಗಳು ಇಂತಹ ರಂಧ್ರಗಳನ್ನು ಪ್ರವೇಶಿಸಲಾರವು. ಪ್ರವೇಶಿಸುವ ಸಣ್ಣ ಅಣುಗಳೂ ಅಂಕುಡೊಂಕಾದ ದಾರಿಯಲ್ಲಿ ನಿಧಾನವಾಗಿ ಸಾಗಬೇಕಾಗುತ್ತದೆ. ಎರಡನೆಯದು ಮೇಲ್ಮೈಯ ಸ್ವಭಾವಕ್ಕೆ ಸಂಬಂಧಿಸಿದ್ದು. ಇಂಗಾಲದ ಮೇಲ್ಮೈ ಎಣ್ಣೆಯ ಜಾತಿಯ ಪದಾರ್ಥಗಳನ್ನು, ಅಂದರೆ ಅನೇಕ ಕೀಟನಾಶಕ, ಬಣ್ಣ, ದ್ರಾವಕಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಫ್ಲೋರೈಡಿನಂತಹ ಸಣ್ಣ ವಿದ್ಯುದಾವಿಷ್ಟ ಅಯಾನುಗಳು ನೀರಿನ ಅಣುಗಳನ್ನು ಸುತ್ತಲೂ ಬಿಗಿಯಾಗಿ ಹೊದ್ದುಕೊಂಡಿರುವುದರಿಂದ ಇಂಗಾಲದತ್ತ ಸುಲಭವಾಗಿ ಸುಳಿಯುವುದಿಲ್ಲ. ಮೂಳೆ ಇದ್ದಿಲು ಫ್ಲೋರೈಡನ್ನು ಹಿಡಿಯುತ್ತದೆಂಬುದು ನಿಜವಾದರೂ ಅದಕ್ಕೆ ಕಾರಣ ಅದರಲ್ಲಿರುವ ಇಂಗಾಲವಲ್ಲ, ಕ್ಯಾಲ್ಸಿಯಂ ಫಾಸ್ಫೇಟ್.

ನ್ಯಾನೊ ನಳಿಕೆಗಳ ಪ್ರವೇಶ

ಈ ಮಿತಿಗಳನ್ನು ಮೀರುವ ಭರವಸೆಯನ್ನು ಇಂಗಾಲದ ಹೊಸ ರೂಪಗಳು ಮೂಡಿಸಿದವು. 1985ರಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಇವರು 60 ಇಂಗಾಲದ ಪರಮಾಣುಗಳುಳ್ಳ ಚೆಂಡಿನಾಕಾರದ ಫುಲ್ಲರೀನನ್ನು ಕಂಡುಹಿಡಿದರು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ, ಒಂದರೊಳಗೊಂದು ಸೇರಿದ ಇಂಗಾಲದ ಅತಿ ಸೂಕ್ಷ್ಮ ನಳಿಕೆಗಳ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ವಿವರಿಸಿದರು. ಇಂತಹ ಪೊಳ್ಳು ಎಳೆಗಳ ಚಿತ್ರಗಳನ್ನು ಸೋವಿಯತ್ ವಿಜ್ಞಾನಿಗಳಾದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ 1952ರಲ್ಲಿಯೇ ಪ್ರಕಟಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ರಷ್ಯನ್ ಭಾಷೆಯಲ್ಲಿದ್ದ ಆ ಲೇಖನ ಹೊರಜಗತ್ತಿನ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ನ್ಯಾನೊ ನಳಿಕೆಗಳ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಪ್ರಚಲಿತವಾಗಿದೆ. ಅವುಗಳ ಮೇಲ್ಮೈ ಸಕ್ರಿಯ ಇಂಗಾಲಕ್ಕಿಂತ ಬಹುಪಾಲು ಹೆಚ್ಚೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಬಹುಗೋಡೆಯ ನಳಿಕೆಗಳ ಮೇಲ್ಮೈ ಒಳ್ಳೆಯ ಸಕ್ರಿಯ ಇಂಗಾಲದ ಮೇಲ್ಮೈಗಿಂತ ಕಡಿಮೆಯೇ ಆಗಿರುತ್ತದೆ. ಅವುಗಳ ಹೆಚ್ಚುಗಾರಿಕೆ ಇರುವುದು ಮೇಲ್ಮೈ ತೆರೆದುಕೊಂಡಿರುವ ರೀತಿಯಲ್ಲಿ. ಕಲ್ಮಷದ ಅಣು ರಂಧ್ರದ ಆಳಕ್ಕೆ ಇಳಿಯಬೇಕಾಗಿಲ್ಲ. ನಳಿಕೆಯ ಹೊರಮೈಯಲ್ಲಿ, ಒತ್ತಾಗಿ ಕೂಡಿದ ನಳಿಕೆಗಳ ನಡುವಣ ಸಂದುಗಳಲ್ಲಿ ಅದಕ್ಕೆ ಕೂಡಲೇ ಸ್ಥಳ ದೊರೆಯುತ್ತದೆ. ಜೊತೆಗೆ ಈ ಮೇಲ್ಮೈಯ ಸ್ವಭಾವವನ್ನು ಬೇಕಾದಂತೆ ಮಾರ್ಪಡಿಸಬಹುದು. ನಳಿಕೆಗಳನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಅವುಗಳ ಮೇಲೆ ಆಮ್ಲಜನಕವುಳ್ಳ ಗುಂಪುಗಳು ಮೂಡಿ ಸೀಸದ ಅಯಾನುಗಳನ್ನು ಸೆಳೆಯುತ್ತವೆಂಬುದನ್ನು ಚೀನಾದ ಸಂಶೋಧಕರು 2002ರಲ್ಲಿ ತೋರಿಸಿದರು. ಅದಕ್ಕೂ ಹಿಂದಿನ ವರ್ಷ ಇದೇ ತಂಡ ನಳಿಕೆಗಳ ಮೇಲೆ ಅಲ್ಯೂಮಿನಾವನ್ನು ಲೇಪಿಸಿ ಫ್ಲೋರೈಡನ್ನು ಹಿಡಿಯುವ ವಸ್ತುವನ್ನು ಸಿದ್ಧಪಡಿಸಿತ್ತು. ಲೀಟರಿಗೆ 12 ಮಿಲಿಗ್ರಾಂ ಫ್ಲೋರೈಡ್ ಉಳಿದಿರುವ ಸಮತೋಲ ಸ್ಥಿತಿಯಲ್ಲಿ ಅದು ಸಾಮಾನ್ಯ ಗಾಮಾ ಅಲ್ಯೂಮಿನಾದ ನಾಲ್ಕು ಪಟ್ಟು ಫ್ಲೋರೈಡನ್ನು ಹಿಡಿಯಿತೆಂದು ವರದಿಯಾಯಿತು. ಇಲ್ಲಿ ಫ್ಲೋರೈಡನ್ನು ಹಿಡಿದದ್ದು ಅಲ್ಯೂಮಿನಾ. ಅದಕ್ಕೆ ವಿಶಾಲವಾದ, ತೆರೆದ ಆಧಾರವನ್ನು ಒದಗಿಸಿದ್ದು ಇಂಗಾಲ.

ಭಾರತದ ಕೊಡುಗೆಯೂ ಈ ಘಟ್ಟದಲ್ಲಿಯೇ ಕಾಣಿಸುತ್ತದೆ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು 1997 ಮತ್ತು 1998ರಲ್ಲಿ ಫೆರೊಸೀನ್ ಎಂಬ ಕಬ್ಬಿಣಯುಕ್ತ ಸಂಯುಕ್ತವನ್ನು ಉಷ್ಣದಿಂದ ವಿಭಜಿಸಿ ನ್ಯಾನೊ ನಳಿಕೆಗಳನ್ನೂ, ಒಂದೇ ದಿಕ್ಕಿಗೆ ಸಾಲಾಗಿ ನಿಂತ ನಳಿಕೆಗಳ ಕಟ್ಟುಗಳನ್ನೂ ಪಡೆದರು. ಫೆರೊಸೀನಿನಲ್ಲಿರುವ ಕಬ್ಬಿಣ ನಳಿಕೆಯ ಬೆಳವಣಿಗೆಗೆ ವೇಗವರ್ಧಕವಾಗುತ್ತದೆ, ಅದರ ಇಂಗಾಲ ನಳಿಕೆಗೆ ಸಾಮಗ್ರಿಯಾಗುತ್ತದೆ. 2004ರಲ್ಲಿ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಓ.ಎನ್. ಶ್ರೀವಾಸ್ತವ ಅವರ ತಂಡ, ಅಮೆರಿಕದಲ್ಲಿದ್ದ ಪುಳಿಕ್ಕಲ್ ಅಜಯನ್ ಅವರ ತಂಡದೊಡನೆ ಸೇರಿ, ಬೆಂಜೀನಿನಲ್ಲಿ ಕರಗಿಸಿದ ಫೆರೊಸೀನನ್ನು ಬಿಸಿ ನಾಳದೊಳಗೆ ಸಿಂಪಡಿಸುವ ವಿಧಾನದಿಂದ ನ್ಯಾನೊ ನಳಿಕೆಗಳದೇ ಗೋಡೆಯುಳ್ಳ, ಕೆಲವು ಸೆಂಟಿಮೀಟರ್ ಗಾತ್ರದ ಪೊಳ್ಳು ಕೊಳವೆಯನ್ನು ನಿರ್ಮಿಸಿತು. ಅದರ ಗೋಡೆಯ ಮೂಲಕ ಹಾಯಿಸಿದ ನೀರಿನಿಂದ ಇ. ಕೋಲಿ ಬ್ಯಾಕ್ಟೀರಿಯಾ ಮಾತ್ರವಲ್ಲದೆ ಸುಮಾರು 25 ನ್ಯಾನೊಮೀಟರ್ ಗಾತ್ರದ ಪೋಲಿಯೊ ವೈರಸ್ ಸಹ ಬೇರ್ಪಟ್ಟಿತು. ಈ ಶೋಧನೆಯ ಮಹತ್ವ ಸೋಸುವ ಸೂಕ್ಷ್ಮತೆಯಲ್ಲಿ ಮಾತ್ರವಿಲ್ಲ. ನಳಿಕೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ಬೆರೆಯದೆ, ಕೈಯಲ್ಲಿ ಹಿಡಿಯಬಹುದಾದ ಒಂದು ಗಟ್ಟಿ ಆಕೃತಿಯಾಗಿದ್ದವು. ಶ್ರವಣಾತೀತ ಕಂಪನದಿಂದ ಶುಚಿಗೊಳಿಸಿ, ಒತ್ತಡದ ಹಬೆಯಲ್ಲಿ ಬೇಯಿಸಿ ಅದನ್ನು ಮತ್ತೆ ಮತ್ತೆ ಬಳಸಬಹುದಾಗಿತ್ತು. ಸಕ್ಕರೆ ಕಾರ್ಖಾನೆಯ ಹರಳು ಇದ್ದಿಲು ಕಲಿಸಿದ ಪಾಠವೇ ಇಲ್ಲಿ ಇನ್ನೊಂದು ರೂಪದಲ್ಲಿ ಅನ್ವಯಗೊಂಡಿತೆನ್ನಬಹುದು.

ಗ್ರಾಫೀನ್: ಅಧಿಶೋಷಕ ಮತ್ತು ಪೊರೆ

ನಳಿಕೆಯನ್ನು ಉದ್ದಕ್ಕೆ ಸೀಳಿ ಹಾಸಿದರೆ ದೊರೆಯುವ, ಒಂದೇ ಪರಮಾಣುವಿನ ದಪ್ಪದ ಇಂಗಾಲದ ಹಾಳೆಯೇ ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅದನ್ನು ಗ್ರಾಫೈಟಿನಿಂದ ಬಿಡಿಸಿ ಅದರ ಗುಣಗಳನ್ನು ಅಳೆದರು. ಇದಕ್ಕಾಗಿ 2010ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ನೀರಿನ ಶುದ್ಧಿಯಲ್ಲಿ ಹೆಚ್ಚು ಬಳಕೆಯಾದದ್ದು ಇದರ ಆಕ್ಸೈಡ್ ರೂಪ. ಗ್ರಾಫೈಟನ್ನು ತೀವ್ರ ಉತ್ಕರ್ಷಕಗಳಿಂದ ಗ್ರಾಫೈಟ್ ಆಕ್ಸೈಡಾಗಿ ಮಾರ್ಪಡಿಸುವುದನ್ನು ಬೆಂಜಮಿನ್ ಬ್ರೋಡಿ 1859ರಲ್ಲಿಯೇ ವಿವರಿಸಿದ್ದನು. 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ತಿಳಿಸಿದ ಸುಲಭ ವಿಧಾನವೇ ಅಲ್ಪಸ್ವಲ್ಪ ಬದಲಾವಣೆಗಳೊಡನೆ ಇಂದಿಗೂ ರೂಢಿಯಲ್ಲಿದೆ. ಗ್ರಾಫೀನಿನ ಒಂದು ಗ್ರಾಮಿಗೆ ಸೈದ್ಧಾಂತಿಕವಾಗಿ 2,630 ಚದರ ಮೀಟರ್ ಮೇಲ್ಮೈ ಉಂಟು. ಆದರೆ ಹಾಳೆಗಳು ಒಂದರ ಮೇಲೊಂದು ಕುಳಿತು ಮತ್ತೆ ಗ್ರಾಫೈಟಿನಂತಾಗುವ ಸ್ವಭಾವವುಳ್ಳವಾದ್ದರಿಂದ ಬಳಕೆಯಲ್ಲಿ ಅಷ್ಟು ಮೇಲ್ಮೈ ದಕ್ಕುವುದಿಲ್ಲ.

ನೀರಿನಲ್ಲಿ ಹರಡಿದ ಹಾಳೆಗಳನ್ನು ಮರಳಿ ಪಡೆಯುವುದು ಹೇಗೆಂಬ ಪ್ರಶ್ನೆಗೆ ಎರಡು ಉತ್ತರಗಳು ಬಂದವು. 2010ರಲ್ಲಿ ಕೊರಿಯಾದ ಸಂಶೋಧಕರು ಅಪಕರ್ಷಿಸಿದ ಗ್ರಾಫೀನ್ ಆಕ್ಸೈಡಿನ ಮೇಲೆ ಮ್ಯಾಗ್ನೆಟೈಟ್ ಕಣಗಳನ್ನು ಕೂಡಿಸಿದರು. ಮ್ಯಾಗ್ನೆಟೈಟ್ ಆರ್ಸೆನಿಕ್ಕನ್ನು ಹಿಡಿಯಿತು. ಕಾರ್ಯ ಮುಗಿದ ಮೇಲೆ ಇಡೀ ಪುಡಿಯನ್ನು ಅಯಸ್ಕಾಂತದಿಂದ ಎಳೆದು ತೆಗೆಯುವುದು ಸಾಧ್ಯವಾಯಿತು. 2012ರಲ್ಲಿ ಮದರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಟಿ. ಪ್ರದೀಪ್ ಅವರ ತಂಡ ಇನ್ನೂ ಸರಳವಾದ ದಾರಿಯನ್ನು ತೋರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನ ಪದವಿ ಪಡೆದ ಪ್ರದೀಪ್ ಮತ್ತು ಅವರ ಸಂಗಡಿಗರು ಮರಳಿನ ಕಣಗಳಿಗೆ ಸಕ್ಕರೆಯನ್ನು ಲೇಪಿಸಿ, ಗಾಳಿಯಿಲ್ಲದೆ ಕಾಯಿಸಿ, ಆ ಸಕ್ಕರೆಯನ್ನೇ ಗ್ರಾಫೀನ್ ಜಾತಿಯ ಪದರವನ್ನಾಗಿ ಪರಿವರ್ತಿಸಿದರು. ಹೀಗೆ ಸಿದ್ಧವಾದ ಮರಳು ಬಣ್ಣವನ್ನೂ ಕೀಟನಾಶಕವನ್ನೂ ನೀರಿನಿಂದ ತೆಗೆಯಿತು. ದುಬಾರಿ ಗ್ರಾಫೈಟಿನ ಅಗತ್ಯ ಇಲ್ಲಿಲ್ಲ. ಮರಳಿಗೆ ಬಿಗಿದ ಪದರವಾದ್ದರಿಂದ ಅದನ್ನು ಸಾಮಾನ್ಯ ಮರಳಿನ ಸೋಸುಗದಂತೆಯೇ ಕೊಳವೆಯಲ್ಲಿ ತುಂಬಬಹುದು.

ಅಧಿಶೋಷಣೆಯ ಜೊತೆಗೆ ಪೊರೆಯಾಗಿ ಬಳಸುವ ಮತ್ತೊಂದು ಮಾರ್ಗವೂ ತೆರೆದುಕೊಂಡಿತು. 2001ರಲ್ಲಿ ಗಣಕಯಂತ್ರದ ಲೆಕ್ಕಾಚಾರಗಳು ನಳಿಕೆಯೊಳಗೆ ನೀರು ಅನಿರೀಕ್ಷಿತ ವೇಗದಿಂದ ಹರಿಯಬಲ್ಲದೆಂದು ಸೂಚಿಸಿದವು. 2006ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ತಂಡ 2 ನ್ಯಾನೊಮೀಟರಿಗಿಂತ ಕಿರಿದಾದ ನಳಿಕೆಗಳ ಪೊರೆಯಲ್ಲಿ, ಸಾಮಾನ್ಯ ದ್ರವಗತಿ ನಿಯಮಗಳ ನಿರೀಕ್ಷೆಗಿಂತ ಸಾವಿರ ಪಟ್ಟಿಗೂ ಮಿಗಿಲಾದ ಹರಿವನ್ನು ಅಳೆಯಿತು. 2012ರಲ್ಲಿ ಮ್ಯಾಂಚೆಸ್ಟರಿನಲ್ಲಿ ರಾಹುಲ್ ನಾಯರ್ ಮತ್ತು ಸಂಗಡಿಗರು, ಹೀಲಿಯಂ ಅನಿಲವನ್ನೂ ತಡೆಯುವ ಗ್ರಾಫೀನ್ ಆಕ್ಸೈಡ್ ಪೊರೆ ನೀರಿನ ಆವಿಗೆ ಯಾವ ಅಡ್ಡಿಯನ್ನೂ ಒಡ್ಡುವುದಿಲ್ಲವೆಂಬ ವಿಸ್ಮಯವನ್ನು ಪ್ರಕಟಿಸಿದರು. ಆದರೆ ನೀರಿನಲ್ಲಿ ಮುಳುಗಿದಾಗ ಈ ಪೊರೆ ಉಬ್ಬಿ, ಹಾಳೆಗಳ ನಡುವಣ ಅಂತರ ಹೆಚ್ಚಿ, ಉಪ್ಪಿನ ಅಯಾನುಗಳು ನುಸುಳಿಬಿಡುತ್ತವೆ. ಈ ಉಬ್ಬುವಿಕೆಯನ್ನು ಬಂಧಿಸಿ ಅಂತರವನ್ನು ನಿಯಂತ್ರಿಸುವ ಉಪಾಯ ಅದೇ ನಗರದಿಂದ 2017ರಲ್ಲಿ ವರದಿಯಾಯಿತು. ಐದು ವರ್ಷಗಳ ಈ ಅವಧಿ, ಒಂದು ಗುಣದ ಶೋಧಕ್ಕೂ ಅದನ್ನು ನೀರಿನಲ್ಲಿ ನಿಲ್ಲಿಸುವ ಉಪಾಯಕ್ಕೂ ಇರುವ ದೂರವನ್ನು ಸೂಚಿಸುತ್ತದೆ.

ಸುರಕ್ಷತೆಯ ಪ್ರಶ್ನೆ

ಶುದ್ಧಿಯ ಸಾಧನವೇ ಅಪಾಯಕಾರಿಯಾದರೆ ಏನು ಗತಿ? 2008ರಲ್ಲಿ ಬ್ರಿಟನ್ನಿನ ಸಂಶೋಧಕರು ಉದ್ದವಾದ ಬಹುಗೋಡೆ ನಳಿಕೆಗಳನ್ನು ಇಲಿಗಳ ಉದರಕುಹರಕ್ಕೆ ಸೇರಿಸಿದಾಗ, ಕಲ್ನಾರಿನ ಎಳೆಗಳು ಉಂಟುಮಾಡುವಂತಹ ಉರಿಯೂತ ಮತ್ತು ಗಂಟುಗಳು ಕಾಣಿಸಿಕೊಂಡವು. ಕುಳ್ಳಾದ, ಸಿಕ್ಕುಗಟ್ಟಿದ ನಳಿಕೆಗಳಿಂದ ಇಂತಹ ಪರಿಣಾಮ ಉಂಟಾಗಲಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ಒಂದು ನಿರ್ದಿಷ್ಟ ಬಗೆಯ ಬಹುಗೋಡೆ ನಳಿಕೆಯನ್ನು ಮನುಷ್ಯನಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ವರ್ಗಕ್ಕೆ ಸೇರಿಸಿ, ಉಳಿದ ಬಗೆಗಳನ್ನು ವರ್ಗೀಕರಿಸಲು ಆಧಾರ ಸಾಲದೆಂದು ತೀರ್ಮಾನಿಸಿತು. ಈ ಅಧ್ಯಯನಗಳಿಂದ ನ್ಯಾನೊ ಇಂಗಾಲವೆಲ್ಲವೂ ವಿಷವೆಂದು ಸಿದ್ಧವಾಗುವುದಿಲ್ಲ. ಆದರೆ ಉದ್ದ, ಆಕಾರ, ಬಿಗಿತಗಳು ನಿರ್ಣಾಯಕವೆಂಬುದೂ, ಬಿಡಿ ನಳಿಕೆಗಳು ಗಾಳಿಗಾಗಲಿ ನೀರಿಗಾಗಲಿ ಸೇರಕೂಡದೆಂಬುದೂ ನಿಶ್ಚಯವಾಗುತ್ತದೆ. ಕಾಶಿಯ ಕೊಳವೆ, ಕೊರಿಯಾದ ಅಯಸ್ಕಾಂತ, ಮದರಾಸಿನ ಮರಳು ಇವು ಮೂರೂ ಇಂಗಾಲವನ್ನು ಒಂದಿಲ್ಲೊಂದು ಬಗೆಯಲ್ಲಿ ಕಟ್ಟಿಹಾಕಿದವೆಂಬುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗಿದೆ.

ಒಂದು ಊರಿನ ಲೆಕ್ಕ

ಕರ್ನಾಟಕದ ಪಾಲಿಗೆ ಈ ಚರ್ಚೆ ಕೇವಲ ಶಾಸ್ತ್ರಜಿಜ್ಞಾಸೆಯಲ್ಲ. ಭಾರತದಲ್ಲಿ ಫ್ಲೋರೋಸಿಸ್ ರೋಗವನ್ನು 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರಿನಲ್ಲಿ ಗುರುತಿಸಲಾಯಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ ಮೊದಲಾದ ಬಯಲುಸೀಮೆಯ ಪ್ರದೇಶಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಸರ್ವವಿದಿತ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಇದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಮೊದಲು ಹಲ್ಲುಗಳು ಕಲೆಗಟ್ಟುತ್ತವೆ. ಪ್ರಮಾಣ ಇನ್ನೂ ಹೆಚ್ಚಾದಲ್ಲಿ ಕೀಲುಗಳು ಬಿಗಿಯುತ್ತವೆ, ಮೂಳೆಗಳು ಬಾಗುತ್ತವೆ. ಬಾಗಿದ ಮೂಳೆಯನ್ನು ನೇರಗೊಳಿಸುವ ಔಷಧವಿಲ್ಲ. ನೀರನ್ನು ಬದಲಿಸುವುದೊಂದೇ ದಾರಿ.

ಮೇಲೆ ಹೇಳಿದ ಪ್ರಯೋಗದಲ್ಲಿ ಫ್ಲೋರೈಡ್ ಸಾಂದ್ರತೆ ಲೀಟರಿಗೆ 12 ಮಿಲಿಗ್ರಾಂ ಇತ್ತು. ನಮ್ಮ ಬಾವಿಗಳಲ್ಲಿ ಸಾಮಾನ್ಯವಾಗಿ ಇರುವುದು ಅದಕ್ಕಿಂತ ಎಷ್ಟೋ ಕಡಿಮೆ. ಸಾಂದ್ರತೆ ಇಳಿದಂತೆ ಅಧಿಶೋಷಕ ಹಿಡಿಯುವ ಪ್ರಮಾಣವೂ ಇಳಿಯುತ್ತದೆ. ಆದ್ದರಿಂದ ಪ್ರಯೋಗಶಾಲೆಯ ಅಂಕಿಯನ್ನು ಊರಿಗೆ ನೇರವಾಗಿ ಅನ್ವಯಿಸಲಾಗದು. ಒಂದು ಸರಳ ಲೆಕ್ಕವನ್ನು ಮಾಡಿ ನೋಡೋಣ. ಸಾವಿರ ಜನರ ಊರಿಗೆ ಕುಡಿಯಲು, ಅಡುಗೆಗೆ ತಲಾ 10 ಲೀಟರಿನಂತೆ ದಿನಕ್ಕೆ 10,000 ಲೀಟರ್ ನೀರು ಬೇಕು. ಲೀಟರಿಗೆ 3 ಮಿಲಿಗ್ರಾಂ ಇರುವ ಫ್ಲೋರೈಡನ್ನು 1 ಮಿಲಿಗ್ರಾಮಿಗೆ ಇಳಿಸಬೇಕಾದರೆ ದಿನಕ್ಕೆ 20 ಗ್ರಾಂ, ವರ್ಷಕ್ಕೆ 7.3 ಕಿಲೋಗ್ರಾಂ ಫ್ಲೋರೈಡನ್ನು ತೆಗೆಯಬೇಕು. ಸಾಧಾರಣ ಅಧಿಶೋಷಕವೊಂದು ತನ್ನ ಪ್ರತಿ ಕಿಲೋಗ್ರಾಮಿಗೆ 4 ಗ್ರಾಂ ಹಿಡಿಯುತ್ತದೆಂದು ಭಾವಿಸಿದರೆ ವರ್ಷಕ್ಕೆ 1,825 ಕಿಲೋಗ್ರಾಂ ಬೇಕಾಗುತ್ತದೆ. ನಾಲ್ಕು ಪಟ್ಟು ಹಿಡಿಯುವ ನ್ಯಾನೊ ವಸ್ತುವಾದರೆ ಸುಮಾರು 456 ಕಿಲೋಗ್ರಾಂ ಸಾಕು. ಆದರೆ ಆ ಸಾಧಾರಣ ವಸ್ತುವನ್ನೇ ಐವತ್ತು ಸಲ ಪುನಶ್ಚೇತನಗೊಳಿಸಬಹುದಾದರೆ 36.5 ಕಿಲೋಗ್ರಾಂ ಮಾತ್ರವೇ ಸಾಕಾಗುತ್ತದೆ. ಒಮ್ಮೆ ಬಳಸಿ ಎಸೆಯುವ ಅಸಾಧಾರಣ ವಸ್ತುವಿಗಿಂತ ಮತ್ತೆ ಮತ್ತೆ ಬಳಸಬಲ್ಲ ಸಾಧಾರಣ ವಸ್ತು ಊರಿಗೆ ಹೆಚ್ಚು ಹಿತವೆಂಬುದು ಈ ಲೆಕ್ಕದಿಂದ ಸ್ಪಷ್ಟ.

ಯಾವ ವಸ್ತುವನ್ನು ಬಳಸಿದರೂ ಆ 7.3 ಕಿಲೋಗ್ರಾಂ ಫ್ಲೋರೈಡ್ ಎಲ್ಲಿಯಾದರೂ ಇರಲೇಬೇಕು. 1975ರಲ್ಲಿ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆ ಪ್ರಕಟಿಸಿದ, ಪಟಿಕ ಮತ್ತು ಸುಣ್ಣವನ್ನು ಬಳಸುವ ನಲಗೊಂಡ ವಿಧಾನದಲ್ಲಿ ಅದು ಕೆಸರಾಗಿ ತಳದಲ್ಲಿ ಉಳಿಯುತ್ತದೆ. ಇಂದು ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ಬಳಕೆಯಲ್ಲಿರುವ ವಿಪರ್ಯಯ ಪರಾಸರಣ ವಿಧಾನದಲ್ಲಿ ತಿರಸ್ಕೃತ ನೀರಿನೊಡನೆ, ಮೊದಲಿಗಿಂತ ಸಾಂದ್ರವಾಗಿ, ಚರಂಡಿಗೆ ಹರಿಯುತ್ತದೆ. ಅಧಿಶೋಷಕವನ್ನು ತೊಳೆದಾಗ ತೊಳೆದ ದ್ರಾವಣದಲ್ಲಿ ಸೇರುತ್ತದೆ. ಸಕ್ರಿಯ ಇಂಗಾಲ ಹಿಡಿದ ಕೀಟನಾಶಕವನ್ನು ಕುಲುಮೆಯಲ್ಲಿ ಸುಟ್ಟು ನಾಶಪಡಿಸಬಹುದು. ಫ್ಲೋರೈಡ್, ಆರ್ಸೆನಿಕ್‌ಗಳನ್ನು ಸುಟ್ಟು ಇಲ್ಲವಾಗಿಸಲು ಬರುವುದಿಲ್ಲ. ಅವುಗಳ ಕೊನೆಯ ನೆಲೆಯನ್ನು ಮೊದಲೇ ನಿಶ್ಚಯಿಸದ ಯಾವ ಯೋಜನೆಯೂ ಕಲ್ಮಷವನ್ನು ಒಂದು ಬಾವಿಯಿಂದ ಮತ್ತೊಂದು ಬಾವಿಯ ಹಾದಿಗೆ ತಳ್ಳಿದಂತೆಯೇ ಸರಿ.

ಉಪಸಂಹಾರ

ಲೋವಿಟ್ಸನ ಇದ್ದಿಲ ಪುಡಿಯಿಂದ ಸಕ್ಕರೆ ಲೇಪಿತ ಮರಳಿನವರೆಗಿನ ಈ ದೀರ್ಘ ಪಯಣದಲ್ಲಿ ಇಂಗಾಲದ ಮೂಲಗುಣ ಬದಲಾಗಿಲ್ಲ. ಅದರ ಮೇಲ್ಮೈಯನ್ನು ತೆರೆದಿಡುವ, ಅದಕ್ಕೆ ತಕ್ಕ ಜೊತೆಗಾರರನ್ನು ಕೂಡಿಸುವ ನಮ್ಮ ಕೌಶಲ ಬೆಳೆದಿದೆ. ಇಂಗಾಲ ಒಲ್ಲದ ಫ್ಲೋರೈಡನ್ನೂ ಆರ್ಸೆನಿಕ್ಕನ್ನೂ ಅದರ ಆಧಾರದ ಮೇಲೆಯೇ ಹಿಡಿಯುವುದು ಸಾಧ್ಯವೆಂದು ತೋರಿಸಿರುವುದು ನ್ಯಾನೊ ವಿಜ್ಞಾನದ ನಿಜವಾದ ಸಾಧನೆ. ಇನ್ನು ಮುಂದಿನ ಸಂಶೋಧನ ವರದಿಗಳು ಒಂದು ಗ್ರಾಂ ವಸ್ತು ಎಷ್ಟು ಮಿಲಿಗ್ರಾಂ ಹಿಡಿಯಿತೆಂಬ ಅಂಕಿಯ ಜೊತೆಗೆ, ಬಾವಿಯ ನಿಜವಾದ ನೀರಿನಲ್ಲಿ ಅದು ಹೇಗೆ ವರ್ತಿಸಿತು, ಎಷ್ಟು ಸಲ ಪುನರ್ಬಳಕೆಗೆ ಒದಗಿತು, ನೀರಿಗೆ ತಾನೆಷ್ಟು ಸೋರಿತು, ಹಿಡಿದ ವಿಷ ಕೊನೆಗೆ ಎಲ್ಲಿಗೆ ಸೇರಿತು ಎಂಬ ನಾಲ್ಕು ವಿವರಗಳನ್ನೂ ನೀಡುವುದು ಅಗತ್ಯ. ಸಕ್ಕರೆ ಕಾರ್ಖಾನೆಯ ಕುಲುಮೆಯವನು ತನ್ನ ಮೂಳೆ ಇದ್ದಿಲಿನ ಬಗ್ಗೆ ಈ ವಿವರಗಳಲ್ಲಿ ಹಲವನ್ನು ಅನುಭವದಿಂದಲೇ ಬಲ್ಲವನಾಗಿದ್ದ. ಪಾವಗಡದ ಕೊಳವೆಬಾವಿಯ ನೀರನ್ನು ಕುಡಿಯಬೇಕಾದ ಮಗುವಿನ ಹಿತದೃಷ್ಟಿಯಿಂದ ನಾವು ಕೇಳಬೇಕಾದ ಪ್ರಶ್ನೆಗಳೂ ಇವೇ ಆಗಿವೆ.